ಶಂಕರೆಪ್ಪನ ಇನ್ನೂರಾ ಇಪ್ಪತ್ತೆಂಟು

ಸಂಕ್ರಮಣಕ್ಕೆ ಇನ್ನು ಆರೇ ದಿನ ಇತ್ತು. ಬೆಳಗಿನ ಎಂಟರ ಹೊತ್ತು. ಬನಹಟ್ಟಿಯ ಓಣಿಯಲ್ಲಿ ಜನ ಇನ್ನೂ ಕಿವಿಗೆ ಬಟ್ಟೆ ಸುತ್ತಿಕೊಂಡು ಓಡಾಡುತ್ತಿದ್ದರು. ಮಗ್ಗಗಳಿಗೆ ಚಳಿ ಎಲ್ಲಿಯದು, ಕರೆಂಟು ಬಂದದ್ದೇ ತಡ, ಈ ತುದಿಯಿಂದ ಆ ತುದಿಯವರೆಗೆ ಖಟಖಟಾ ಅನ್ನಲು ಹತ್ತಿದ್ದವು. ಶಂಕರೆಪ್ಪ ಕಟ್ಟೆಯ ಮೇಲೆ ಬಿಸಿಲಿಗೆ ಬೆನ್ನು ಕೊಟ್ಟು ಕೂತಿದ್ದ. ಆ ಗುರುವಾರ ತೇರದಾಳದ ಸನ್ಮತಿ ಬೈಕಿನ ಹಿಂದೆ ಒಂದು ಕಬ್ಬಿಣದ ಪೆಟ್ಟಿಗೆ ಕಟ್ಟಿಕೊಂಡು ಬಂದು ಇಳಿದ. ಶುರುವಾದದ್ದು ಅಲ್ಲಿಂದ.

ಶಂಕರೆಪ್ಪನಿಗೆ ಆಗ ಎಪ್ಪತ್ನಾಲ್ಕು. ಸಾಲಿ ಕಲಿತದ್ದು ಮೂರನೆಯ ಇಯತ್ತೆ, ಅದೂ ಅರ್ಧ. ಆದರೆ ಸೀರೆಯ ದಡಿಗೆ ಕಾರ್ಡು ಹೊಡೆಯುವವರು ಯಾರು ಅಂತ ರಬಕವಿ-ಬನಹಟ್ಟಿಯಲ್ಲಿ ಕೇಳಿದರೆ, ಐವತ್ತು ವರ್ಷ ಜನ ಇದೇ ಕಟ್ಟೆಯ ಕಡೆ ಕೈ ತೋರಿಸಿದ್ದರು. ಕಾರ್ಡು ಅಂದರೆ ಮೊಳದುದ್ದದ ರಟ್ಟಿನ ಪಟ್ಟಿ, ಅದರ ತುಂಬ ತೂತು. ತೂತು ಇದ್ದಲ್ಲಿ ಮಗ್ಗ ಎಳೆಯನ್ನು ಎತ್ತುತ್ತದೆ, ಇಲ್ಲದಲ್ಲಿ ಬಿಡುತ್ತದೆ. ಅಂಥ ಪಟ್ಟಿಗಳನ್ನು ದಾರದಿಂದ ಹೊಲಿದು, ಸರಪಳಿ ಮಾಡಿ ಮಗ್ಗದ ಮೇಲೆ ತೂಗಬಿಟ್ಟರೆ ದಡಿಯಲ್ಲಿ ಹೂವೋ ಬಳ್ಳಿಯೋ ತಾನಾಗಿ ಮೂಡುತ್ತದೆ. ಶಂಕರೆಪ್ಪನ ಹೆಸರು ನಿಂತದ್ದು ಕ್ವಾಟಿ ದಡಿಯಿಂದ. ಕೋಟೆ ಗೋಡೆಯ ಮೇಲಿನ ತೆನೆಗಳು ಸಾಲು ಹಿಡಿದು ನಿಂತಂಥ ದಡಿ ಅದು. ನಾನೂರಾ ಹನ್ನೆರಡು ಕಾರ್ಡು. ಅಣ್ಣ ಮಹಾಲಿಂಗಪ್ಪ, ತಾನು ಇಬ್ಬರೇ ಕೂತು ಒಂದು ಬೇಸಗೆ ಇಡೀ ಹೊಡೆದದ್ದು. ಆ ಕಾರ್ಡುಗಳಿದ್ದ ಟ್ರಂಕಿನ ಕೀಲಿ ಶಂಕರೆಪ್ಪನ ಉಡದಾರ ಬಿಟ್ಟು ಬೇರೆ ಕಡೆ ಇದ್ದದ್ದಿಲ್ಲ.

ಕಾಲಕ್ಕೆ ರಟ್ಟು ಪುಡಿಯಾಗಲು ಹತ್ತಿತು, ಒಂದಿಷ್ಟಕ್ಕೆ ಇಲಿ ಬಾಯಿ ಹಾಕಿತು. ಶಂಕರೆಪ್ಪನ ಕಣ್ಣಿಗೂ ಪೊರೆ ಬಂತು. ಆಗ ಮೊಮ್ಮಗಳು ವಂದನಾ, ಜಮಖಂಡಿಯಲ್ಲಿ ಕಂಪ್ಯೂಟರ್ ಡಿಪ್ಲೊಮಾ ಮುಗಿಸಿ ಬಂದವಳು, ಒಂದು ಹಂಚಿಕೆ ಹಾಕಿದಳು. ಒಂದೊಂದೇ ಕಾರ್ಡಿನ ಫೋಟೊ ತೆಗೆಯುವುದು, ತೂತು ಎಲ್ಲೆಲ್ಲಿವೆ ಅಂತ ಕಂಪ್ಯೂಟರಿನಿಂದ ಓದಿಸುವುದು, ಅದನ್ನು ಕಾರ್ಡೇ ಬೇಡದ ಹೊಸ ನಮೂನೆಯ ಪೆಟ್ಟಿಗೆಗೆ ತುಂಬಿ ಮಗ್ಗದ ಮೇಲೆ ಕೂಡಿಸುವುದು. ಜಮಖಂಡಿಯ ಕಾಲೇಜಿನಲ್ಲಿ ಆಕೆಗಿಂತ ಮುಂದಿದ್ದ ಸನ್ಮತಿ ಈಗ ಇಚಲಕರಂಜಿಯಲ್ಲಿ ಅಂಥ ಪೆಟ್ಟಿಗೆಗಳ ಕೆಲಸವನ್ನೇ ಮಾಡುವವನು, ಇಪ್ಪತ್ತಾರರ ಪ್ರಾಯ. ಎರಡು ವಾರದ ರಜೆಗೆ ತೇರದಾಳಕ್ಕೆ ಬಂದವನು ಪೆಟ್ಟಿಗೆ ಕೂಡಿಸಿ ಕೊಡುತ್ತೇನೆ ಅಂದಿದ್ದ.

ಮೊದಲ ದಿನವೇ ತಕರಾರು ಬಂತು. ವಂದನಾ ಬರೆದದ್ದು ಪೈಥಾನ್ ಎಂಬ ಭಾಷೆಯಲ್ಲಿ. ಅದು ಓದುತ್ತಿತ್ತು, ಇಲ್ಲ ಅಂತಲ್ಲ. ಆದರೆ ಒಂದು ಕಾರ್ಡು ಓದಲು ಅರ್ಧ ನಿಮಿಷ.

"ನಾನೂರಾ ಹನ್ನೆರಡಕ್ಕ ಮೂರೂವರಿ ತಾಸಾತು," ಅಂದ ಸನ್ಮತಿ. "ಎಲ್ಲೋ ಒಂದು ತಪ್ಪಾದ್ರ ಮತ್ತ ಮೂರೂವರಿ ತಾಸು. ತೂತು ಹುಡುಕೂ ಭಾಗ ಅಷ್ಟ ನಾ ರಸ್ಟ್ ಅನ್ನೂ ಇನ್ನೊಂದು ಭಾಷಾದಾಗ ಬರೀತೀನಿ. ಉಳಿದದ್ದು ನಿಂದು ನಿನ್ನ ಪೈಥಾನ್‌ನಾಗ ಇರಲಿ."

ಶಂಕರೆಪ್ಪನಿಗೆ ಇದು ತಿಳಿಯಲಿಲ್ಲ. ಕೇಳಬೇಕೋ ಬೇಡವೋ ಅಂತ ಎರಡು ದಿನ ಸುಮ್ಮನಿದ್ದು, ಶನಿವಾರ ಮಧ್ಯಾಹ್ನ ಕೇಳಿಯೇಬಿಟ್ಟ. "ಒಂದ ಕೆಲಸಕ್ಕ ಎರಡು ಭಾಷಾ ಯಾಕವ್ವಾ?"

"ಪೈಥಾನ್ ಅಂದ್ರ ನಮ್ಮ ಮಾತಿನಂಗ ಮುತ್ಯಾ," ಅಂದಳು ವಂದನಾ. "ಹಿಂಗ ಮಾಡು ಅಂದ್ರ ಹೂಂ ಅಂತೈತಿ. ಒಳಗ ತಪ್ಪಿದ್ರೂ ಶುರು ಮಾಡತೈತಿ, ತಪ್ಪು ಬಂದಲ್ಲಿ ನಿಂತು ಒದರತೈತಿ."

"ರಸ್ಟ್ ಹಂಗಲ್ರೀ ಅಜ್ಜಾರ," ಅಂದ ಸನ್ಮತಿ. "ಸಣ್ಣ ಅನುಮಾನ ಇದ್ರೂ ಶುರುನ ಮಾಡಗೊಡೂದಿಲ್ಲ. ಅದು ಸರಿ ಇಲ್ಲ, ಇದು ಸರಿ ಇಲ್ಲ ಅಂತ ಬಾಗಲದಾಗ ನಿಂದ್ರಸತೈತಿ. ಒಮ್ಮಿ ಒಳಗ ಬಿಟ್ಟಿತಂದ್ರ ಮಾತ್ರ ಓಟಕ್ಕ ಮಿತಿ ಇಲ್ಲ."

ಮಗ್ಗದ ಹಿಂದಿನಿಂದ ಸೊಸೆ ಶೇವಂತಿಯ ದನಿ ಬಂತು. ಆಕೆ ವಂದನಾಳ ತಾಯಿ, ಮನೆಯ ಮಗ್ಗ ಓಡಿಸುವವಳು. "ನಮ್ಮ ಅತ್ತಿಯವರಂಗ ಅನ್ನು. ನಾ ಬಂದ ಹೊಸದಾಗ ಒಂದು ರೊಟ್ಟಿ ದುಂಡಗ ಆಗಲಿಲ್ಲಂದ್ರ ಒಲಿ ಮುಂದಿಂದ ಏಳಗೊಡ್ತಿದ್ದಿಲ್ಲ."

ಶಂಕರೆಪ್ಪ ನಕ್ಕ. ಆದರೂ ತಲೆಯೊಳಗಿನ ಗಂಟು ಬಿಡಲಿಲ್ಲ. "ಪೈಥಾನ್ ಅಂದ್ರ ಏನು?"

"ಹೆಬ್ಬಾವು."

"ರಸ್ಟ್ ಅಂದ್ರ?"

"ಜಂಗು, ಅಜ್ಜಾರ. ಕಬ್ಬಿಣಕ್ಕ ಹಿಡೀತೈತಲ್ರಿ."

"ಜಂಗು ಹಿಡದ್ರ ನಾವು ಎಣ್ಣಿ ಹಾಕಿ ತಿಕ್ಕತೀವಿ. ನೀವು ಊರ ಬಿಟ್ಟು ಊರಿಗೆ ಬಂದು ಹಚ್ಚಾಕತ್ತೀರಿ."

ಸನ್ಮತಿ ಬಿದ್ದು ಬಿದ್ದು ನಕ್ಕು, ಮತ್ತೆ ತಿಳಿಸಲು ಕೂತ. ರಸ್ಟಿನಲ್ಲಿ ಒಂದು ವಸ್ತು ಒಬ್ಬರ ಕೈಯಲ್ಲೇ ಇರಬೇಕಂತೆ. ಇನ್ನೊಬ್ಬರು ಕಡ ಇಸಗೊಂಡರೆ, ತಿರುಗಿ ಕೊಡುವ ತನಕ ಇವರು ಅದನ್ನು ಬದಲು ಮಾಡುವಂತಿಲ್ಲವಂತೆ.

"ಲಾಳಿ ಇದ್ದಂಗ," ಅಂದ ಶಂಕರೆಪ್ಪ. "ಇಬ್ಬರು ಹಿಡದ್ರ ನೇಯೂದು ಆಗೂದಿಲ್ಲ."

"ಹೂಂರಿ... ಹೆಚ್ಚುಕಡಿಮಿ ಹಂಗ."

"ಹೆಚ್ಚೋ, ಕಡಿಮಿಯೋ?"

ಸನ್ಮತಿ ತಲೆ ಕೆರೆದುಕೊಂಡ. ಶಂಕರೆಪ್ಪನಿಗೆ ತಾನು ತಿಳಿದದ್ದು ಸರಿಯೋ ತಪ್ಪೋ ಗೊತ್ತಾಗಲೇ ಇಲ್ಲ. ಎರಡು ಭಾಷೆ ಅಂದರೆ ಆತನಿಗೆ ಹೊಸದಲ್ಲ. ಮನೆಯಲ್ಲಿ ಕನ್ನಡ, ಸೊಲ್ಲಾಪುರದ ವ್ಯಾಪಾರಿ ಬಂದರೆ ಮರಾಠಿ. ಆದರೆ ಅಲ್ಲಿ ನಡುವೆ ತಾನೊಬ್ಬ ಇದ್ದ. ಇಲ್ಲಿ ಹೆಬ್ಬಾವಿಗೂ ಜಂಗಿಗೂ ನಡುವೆ ಯಾರು?

"ಎರಡೂ ಕೂಡೂ ಜಾಗಾ ಎಲ್ಲೈತಿ?" ಅಂತ ಕೇಳಿದ.

ಸನ್ಮತಿ ಪರದೆಯ ಮೇಲೆ ಹತ್ತು-ಹನ್ನೆರಡು ಸಾಲು ತೋರಿಸಿದ. ಈ ಕಡೆಯ ಒಂದೊಂದು ಅಂಕಿಯನ್ನು ಆ ಕಡೆಯ ಒಂದೊಂದು ಅಂಕಿಗೆ ಕಟ್ಟುವ ಜಾಗ ಅದಂತೆ. ಮುದುಕನ ಮುಖ ಸ್ವಲ್ಪ ಅರಳಿತು. "ಮಗ್ಗದ ಮ್ಯಾಲಿನ ಉದ್ದ ಎಳಿ, ಹಳೇ ಹಾಸು, ತೀರಿದ ಮ್ಯಾಲ ಹೊಸಾ ಹಾಸು ಎಳಿಗೆ ಎಳಿ ಗಂಟ ಹಾಕಿ ಕೆಚ್ಚತೀವಿ ನೋಡು, ಹಂಗ. ಒಂದು ಮಾತು ಹೇಳತೀನಿ. ಬಟ್ಟಿ ಕೆಟ್ಟರ ಮೊದಲ ಕೆಚ್ಚಿದ ಜಾಗಾ ನೋಡ್ರಿ. ನಮ್ಮ ಅಪ್ಪ ಹೇಳತಿದ್ದ."

ಇಬ್ಬರೂ ಹೂಂ ಅಂದರು. ಯಾರೂ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಹೇಳಿದ ಶಂಕರೆಪ್ಪನೂ ಮರೆತ.

ಸನ್ಮತಿ ಹೊತ್ತು ಮುಳುಗುವುದರೊಳಗೆ ಊಟ ಮಾಡುವ ಜೈನರ ಮಗ. ಉಳ್ಳಾಗಡ್ಡಿ ಇಲ್ಲ, ಬಟಾಟಿ ಇಲ್ಲ. ಶೇವಂತಿ ಆತನಿಗಂತಲೇ ಸಂಜೆ ಐದಕ್ಕೆ ಮಗ್ಗ ನಿಲ್ಲಿಸಿ ಬೇಳೆ ಬೇಯಿಸುತ್ತಿದ್ದಳು. "ನಿನ್ನ ದೆಸಿಯಿಂದ ನಮ್ಮ ಮನ್ಯಾಗ ಎಲ್ಲರೂ ಹೊತ್ತಿಗೆ ಸರಿಯಾಗಿ ಉಣ್ಣಾಕತ್ತಾರ ತಮ್ಮಾ," ಅನ್ನುವಳು. ಊಟ ಆದ ಮೇಲೆ ಆತ ಬೈಕು ಹತ್ತಿ ತೇರದಾಳಕ್ಕೆ ಹೋಗುವನು, ಬೆಳಿಗ್ಗೆ ಬರುವನು. ಹೀಗೆ ಮಂಗಳವಾರ ಬಂತು. ಅಂದು ಎರಡೂ ಭಾಷೆಗಳನ್ನು ಕೂಡಿಸಿ ಓಡಿಸಿದರು.

ಓಡಲಿಲ್ಲ. ಪರದೆಯ ಮೇಲೆ ಕೆಂಪು ಅಕ್ಷರ ಬಿತ್ತು.

"ಎಡಕ್ಕ ಇನ್ನೂರಾ ಇಪ್ಪತ್ತೆಂಟು, ಬಲಕ್ಕ ಇನ್ನೂರಾ ನಲವತ್ತು ಅಂತೈತಿ," ಅಂತ ವಂದನಾ ಓದಿದಳು. "ಎರಡೂ ಒಂದ ಇರಬೇಕು, ಇಲ್ಲ ಅಂತ ನಿಂತೈತಿ. ಸನ್ಮತಿ, ಇನ್ನೂರಾ ನಲವತ್ತ ಎಲ್ಲಿಂದ ತಂದಿ?"

"ಹಳೇ ಕ್ವಾಟಿ ಸೀರಿ ಭೂತಗನ್ನಡಿ ಇಟ್ಟು ಎಣಿಸಿದೆ. ದಡ್ಯಾಗ ಇನ್ನೂರಾ ನಲವತ್ತ ಎಳಿ ಅದಾವು. ನೀ?"

"ಮುತ್ಯಾ ಹೇಳಿದ್ದು. ಇನ್ನೂರಾ ಇಪ್ಪತ್ತೆಂಟು."

ಇಬ್ಬರೂ ಮುದುಕನ ಕಡೆ ನೋಡಿದರು.

"ಇನ್ನೂರಾ ಇಪ್ಪತ್ತೆಂಟ," ಅಂದ ಶಂಕರೆಪ್ಪ. ಐವತ್ತು ವರ್ಷ ಬಾಯಲ್ಲಿದ್ದ ಲೆಕ್ಕ. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಅದೇ ಹೇಳುವವನು.

"ನೀವು ಸಿಟ್ಟಾಗಬ್ಯಾಡ್ರಿ ಅಜ್ಜಾರ. ಎರಡು ಸಲ ಎಣಿಸೇನಿ. ಹನ್ನೆರಡು ಹೆಚ್ಚು ಬರ್ತಾವು."

ಶಂಕರೆಪ್ಪ ಸಿಟ್ಟಾಗಲಿಲ್ಲ. ಆತ ಸಿಟ್ಟಾದದ್ದನ್ನು ಮನೆಯವರು ಕಂಡದ್ದೇ ಕಡಿಮೆ. ಸುಮ್ಮನೆ ಎದ್ದು ಕಟ್ಟೆಗೆ ಹೋಗಿ ಕೂತ. ಆತ ಅತ್ತ ಹೋದ ಮೇಲೆ ವಂದನಾ, ಬಟ್ಟೆಯ ಮೇಲೆ ಇದ್ದದ್ದು ಸುಳ್ಳಾಗುವುದಿಲ್ಲವಲ್ಲ ಅಂತ, ತನ್ನ ಕಡೆಯ ಅಂಕಿಯನ್ನೂ ಇನ್ನೂರಾ ನಲವತ್ತು ಮಾಡಿದಳು. ಕೆಂಪಕ್ಷರ ಹೋಯಿತು. ನಾನೂರಾ ಹನ್ನೆರಡು ಕಾರ್ಡನ್ನೂ ಆ ಕೂಡು-ಭಾಷೆ ಒಂದು ಎಲೆ-ಅಡಿಕೆ ಮಡಚುವಷ್ಟರಲ್ಲಿ ಓದಿ ಮುಗಿಸಿತು. ಇಬ್ಬರೂ ಹುಡುಗರಂತೆ ಚಪ್ಪಾಳೆ ತಟ್ಟಿದರು.

ಮರುದಿನ ಸಂಕ್ರಮಣ. ಎಳ್ಳು-ಬೆಲ್ಲ ಆಯಿತು, ಮಾದಲಿಯ ಸಿಹಿಯೂಟ ಆಯಿತು. ಗುರುವಾರ ಪೆಟ್ಟಿಗೆಯನ್ನು ಮಗ್ಗದ ಮೇಲೆ ಕೂಡಿಸಿ ಶೇವಂತಿ ನೇಯಲು ಹತ್ತಿದಳು. ಹತ್ತು ಬೆರಳಗಲ ಬರುವಷ್ಟರಲ್ಲೇ ಆಕೆಯ ಕೈ ನಿಂತಿತು. ಕೋಟೆಯ ತೆನೆಗಳು ಅಂಚಿನಲ್ಲಿ ನೆಟ್ಟಗಿದ್ದವು. ಒಳಗೆ ಹೋದಂತೆ ಒಂದರ ಮೇಲೊಂದು ವಾಲಿ, ಕಡೆಗೆ ಗೋಡೆಯೇ ಉರುಳಿ ಬಿದ್ದಂತಾಗಿತ್ತು.

"ಇದ್ಯಾವ ಕ್ವಾಟಿ ಬೇ?" ಅಂದಳು ಮಗಳಿಗೆ. "ದಂಡು ಬಂದು ಹಾಳ ಮಾಡಿ ಹೋದಂಗೈತಿ."

ವಂದನಾ ತಿರುಗಿ ಇನ್ನೂರಾ ಇಪ್ಪತ್ತೆಂಟು ಹಾಕಿದಳು. ಕೆಂಪಕ್ಷರ ಬಂತು. ಇನ್ನೂರಾ ನಲವತ್ತು ಹಾಕಿದಳು. ಕೋಟೆ ಬಿತ್ತು. ಒಂದು ಅಂಕಿ ಒಳಗೆ ಬಿಡುವುದಿಲ್ಲ, ಇನ್ನೊಂದು ಒಳಗೆ ಹೋಗಿ ಹಾಳು ಮಾಡುತ್ತದೆ. ಪೈಥಾನಿನ ತಪ್ಪೆಂದು ಸನ್ಮತಿ, ರಸ್ಟಿನ ತಪ್ಪೆಂದು ವಂದನಾ ಒಂದು ತಾಸು ವಾದ ಮಾಡಿದರು.

"ನಿನ್ನ ಬಾಗಲ ಕಾಯೂ ಜಂಗು ಇದನ್ಯಾಕ ಹಿಡೀಲಿಲ್ಲ?" ಅಂದಳು ವಂದನಾ.

"ನೀ ಅಂಕಿ ತಿದ್ದಿ ಅದರ ಬಾಯಿ ಮುಚ್ಚಿಸಿದ ಮ್ಯಾಲ ಅದೇನು ಹಿಡೀತೈತಿ? ಎರಡೂ ಕಡೆ ಒಂದ ಅಂಕಿ ಐತಿ, ಅದಕ್ಕಷ್ಟ ಸಾಕು."

ಆಗ ವಂದನಾ ಮುತ್ಯಾನ ಹತ್ತಿರ ಬಂದು, ಮೆತ್ತಗೆ, ಕೆಟ್ಟದ್ದೇನೂ ಮನಸ್ಸಿನಲ್ಲಿಲ್ಲದೆ ಒಂದು ಮಾತು ಅಂದಳು. "ಮುತ್ಯಾ, ಎರಡೂ ಅಲ್ಲದ ಇನ್ನೊಂದು ಲೆಕ್ಕಾ ಇರಬಹುದೇನು? ಸರಿಯಾಗಿ ನೆನಪ ಮಾಡ್ಕೊ."

ಇದೇ ಮಾತನ್ನು ಇದೇ ಕಟ್ಟೆಯ ಮೇಲೆ, ಹದಿನೆಂಟು ವರ್ಷದ ಹಿಂದೆ, ಶಂಕರೆಪ್ಪ ಅಣ್ಣನಿಗೆ ಅಂದಿದ್ದ. "ಅಣ್ಣಾ, ಸರಿಯಾಗಿ ನೆನಪ ಮಾಡ್ಕೊ."

ಮಹಾಲಿಂಗಪ್ಪನ ಮರೆವು ಶುರುವಾದದ್ದು ಲೆಕ್ಕದಿಂದಲೇ. ಮೊದಲು ಒಂದು ಕಾರ್ಡಿನಲ್ಲಿ ಮೂರು ತೂತು ಹೆಚ್ಚು ಹೊಡೆದ. ತಪ್ಪಾಗೈತಿ ಅಂದರೆ, ಇಲ್ಲ, ನನ್ನ ಲೆಕ್ಕ ಸರಿ ಐತಿ ಅಂತ ನಗುತ್ತಿದ್ದ. ಆ ನಗುವಿನಲ್ಲಿ ಸುಳ್ಳಿರಲಿಲ್ಲ. ಆತನಿಗೆ ಖರೆ ಅನಿಸಿದ್ದೇ ಅದು. ಆಮೇಲೆ ಮಗನ ಹೆಸರು ಹೋಯಿತು, ಊಟ ಮಾಡಿದ್ದು ಹೋಯಿತು. ಕಡೆಯ ವರ್ಷ ದಿನವೆಲ್ಲ ಕಟ್ಟೆಯ ಮೇಲೆ ಕೂತು ಹೋಗುವ ಬರುವ ಆಟೊ ಎಣಿಸುತ್ತಿದ್ದ, ಮೂವತ್ತರ ತನಕ ಬಂದು ಮತ್ತೆ ಒಂದರಿಂದ. ತನ್ನ ಮನೆ ಯಾವುದು ಅಂತ ಮನೆಯ ಕಟ್ಟೆಯ ಮೇಲೆ ಕೂತೇ ಕೇಳುತ್ತಿದ್ದ.

'ನನ್ನ ಲೆಕ್ಕ ಸರಿ ಐತಿ ಅಂತ ನನಗೂ ಅನಸತೈತಿ. ಅಣ್ಣಗೂ ಹಂಗ ಅನಸತಿತ್ತು,' ಅಂದುಕೊಂಡ ಶಂಕರೆಪ್ಪ. ಸರಿ ಅನಿಸುವುದಕ್ಕೂ ಸರಿ ಇರುವುದಕ್ಕೂ ನಡುವಿನ ಗೆರೆ ಒಳಗೆ ಕೂತವನಿಗೆ ಕಾಣುವುದಾದರೂ ಹೇಗೆ?

ಶುಕ್ರವಾರ ಟ್ರಂಕು ತೆಗೆದು ಅಳತೆಯ ಕಾರ್ಡು ಹುಡುಕಿದ. ಕಾರ್ಡಿನಲ್ಲಿ ತೂತು ಬೀಳಬಹುದಾದ ಎಲ್ಲ ಜಾಗಕ್ಕೂ ತೂತು ಹೊಡೆದ ಒಂದು ಪಟ್ಟಿಯನ್ನು ಸರಪಳಿಯ ಜೊತೆ ಇಟ್ಟಿರುತ್ತಾರೆ. ಅದನ್ನು ಎಣಿಸಿದರೆ ವಾದವೇ ಇಲ್ಲ. ಕಣ್ಣಿಗೆ ಕಾಣದಿದ್ದರೂ ಬೆರಳಿಗೆ ಸಿಗುತ್ತದೆ. ಬೆರಳಾಡಿಸುತ್ತ ಇನ್ನೂರಾ ಹತ್ತೊಂಬತ್ತರ ತನಕ ಬಂದ. ಅಲ್ಲಿಂದ ಮುಂದೆ ಕಾರ್ಡೇ ಇರಲಿಲ್ಲ, ಇಲಿ ತಿಂದು ಹೋಗಿತ್ತು. ತಿಂದುಹೋದ ಆ ಮೂಲೆಯಲ್ಲಿ ಒಂಬತ್ತು ತೂತು ಇದ್ದವೋ ಇಪ್ಪತ್ತೊಂದು ಇದ್ದವೋ, ಇಲಿಯನ್ನೇ ಕೇಳಬೇಕು. ಶನಿವಾರವೂ ಎಣಿಸಿದ. ಮತ್ತೆ ಇನ್ನೂರಾ ಹತ್ತೊಂಬತ್ತು. ಎಣಿಸುತ್ತಿದ್ದಾಗ ತಾನು ತುಟಿ ಅಲ್ಲಾಡಿಸುತ್ತಿದ್ದೇನೆ ಅಂತ ಗೊತ್ತಾಗಿ, ಅಣ್ಣನೂ ಹೀಗೇ ತುಟಿ ಅಲ್ಲಾಡಿಸುತ್ತಿದ್ದದ್ದು ನೆನಪಾಗಿ, ಪಟ್ಟಿಯನ್ನು ಕೆಳಗಿಟ್ಟ.

ರವಿವಾರ ಅವರಾತ್ರಿ ಅಮಾಸಿ. ಅಮಾಸಿಗೆ ನೇಕಾರರ ಮಗ್ಗಕ್ಕೆ ರಜೆ. ಊರಿಗೆ ಊರೇ ಗಪ್ಪಾಗಿರುತ್ತದೆ. ಹೊರಗಿನಿಂದ ಬಂದವರಿಗೆ ಅದು ಹಿತ, ಇಲ್ಲಿಯವರಿಗೆ ಕಿವಿಯಲ್ಲಿ ಏನೋ ಕಳೆದುಹೋದಂತೆ. ಶೇವಂತಿ ಮಗ್ಗ ಒರೆಸಿ, ವಿಭೂತಿ ಹಚ್ಚಿ, ಕಾಯಿ ಒಡೆದಳು. ಆ ಗಪ್ಪಿನಲ್ಲಿ ಶಂಕರೆಪ್ಪ ಮೊಮ್ಮಗಳನ್ನು ಕರೆದು, ಉಡದಾರದಿಂದ ಕೀಲಿ ಬಿಚ್ಚಿ ಆಕೆಯ ಅಂಗೈಯಲ್ಲಿಟ್ಟ.

"ಇನ್ನ ಮ್ಯಾಲ ಇದು ನಿನ್ನ ಹಂತ್ಯಾಕ ಇರಲಿ. ನನ್ನ ಲೆಕ್ಕಾ ಯಾರೂ ಕೇಳಬ್ಯಾಡ್ರಿ. ನಾ ಹೇಳಿದ್ದನ್ನ ನಂಬಲೂಬ್ಯಾಡ್ರಿ."

"ಹಂಗ್ಯಾಕಂತಿ ಮುತ್ಯಾ?"

"ನಿಮ್ಮ ದೊಡ್ಡ ಮುತ್ಯಾನ ನೀ ನೋಡಿಲ್ಲೇನು? ಸಣ್ಣಾಕಿ ಇದ್ದಿ. ಆಟೊ ಎಣಿಸತಿದ್ದ."

ವಂದನಾಳಿಗೆ ಆಗ ತಿಳಿಯಿತು, ಮುತ್ಯಾನನ್ನು ತಿನ್ನುತ್ತಿದ್ದದ್ದು ದಡಿಯ ಚಿಂತೆ ಅಲ್ಲ ಅಂತ. ಕೀಲಿ ಹಿಡಿದುಕೊಂಡು ಆತನ ಪಕ್ಕಕ್ಕೆ ಕೂತಳು. ಆಕೆಯಾದರೂ ಏನೆಂದಾಳು? ಲೆಕ್ಕ ತಾಳೆಯಾಗಿಲ್ಲ ಅನ್ನುವುದು ಖರೆಯೇ ಆಗಿತ್ತು.

ಸೋಮವಾರ ಪಾಡ್ಯ. ಮಗ್ಗ ಮತ್ತೆ ಶುರುವಾಯಿತು. ಸನ್ಮತಿ ಇನ್ನೊಂದು ಸಲ ನೇಯ್ದು ನೋಡೋಣ ಅಂದ. ನಾಲ್ಕು ಹೊಡೆತ ಬಿದ್ದಿರಲಿಲ್ಲ, ದಡಿಯ ತುದಿಯಲ್ಲಿ ಎಳೆ ಹರಿಯಿತು. ಶೇವಂತಿ ಮಗ್ಗ ನಿಲ್ಲಿಸಿ ಕೂಗಿದಳು. "ವಂದನಾ, ಬಾರ ಇಲ್ಲಿ. ಜೋಡ್ಯಾಗಿಂದು ಒಂದು ಹರದೈತಿ. ಇದರ ಜತಿ ಹಿಡಕೊ, ನಾ ಗಂಟ ಹಾಕತೀನಿ."

"ಯಾವ ಜೋಡಿ ಯವ್ವಾ?"

"ದಡಿ ಹೊರಗಿನ ಅಂಚಿನ್ಯಾಗ ಒಂದೊಂದು ಕಣ್ಣಾಗ ಎರಡೆರಡು ಎಳಿ ಹಾಕಿರತೀವಲ್ಲ. ಗಟ್ಟಿ ಬರ್ಲಿ ಅಂತ. ಇಲ್ಲಾಂದ್ರ ಅಂಚು ಪಿಸಿಯೂದಿಲ್ಲೇನು?"

ಎಳೆ ತೂರಿಸಿದ ಆ ಸಣ್ಣ ಉಂಗುರಕ್ಕೆ ಅವರು ಕಣ್ಣು ಅನ್ನುವುದು. ವಂದನಾ ಬಗ್ಗಿ ನೋಡಿದಳು. ಒಂದೇ ಕಣ್ಣಿನಲ್ಲಿ ಎರಡು ಎಳೆ, ಮೈಗೆ ಮೈ ಹಚ್ಚಿ. "ಇವು ಎರಡ ಅದಾವಲ್ಲ?"

"ಎರಡಲ್ಲ, ಒಂದ."

"ಯವ್ವಾ, ನನ್ನ ಕಣ್ಣಿಗೆ ಎರಡ ಕಾಣಾಕತ್ತಾವು!"

"ಕಾಣಲಿ. ಜೋಡಿ ಅಂದ್ರ ಒಂದ ಎಳಿ ಲೆಕ್ಕ. ಕೂಡೇ ಏಳತಾವು, ಕೂಡೇ ಇಳೀತಾವು. ಗಂಡ-ಹೆಂಡ್ತಿ ಮುನಸಿಪಾಲ್ಟಿಗೆ ಮನಿ ಪಟ್ಟಿ ಬ್ಯಾರೆ ಬ್ಯಾರೆ ಕಟ್ಟತಾರೇನು?"

ಕಟ್ಟೆಯ ಮೇಲಿದ್ದ ಶಂಕರೆಪ್ಪ ಈ ಮಾತು ಕೇಳಿದ. ಎದ್ದ. ಗೋಡೆ ಹಿಡಿಯುತ್ತ ಮಗ್ಗದ ಹತ್ತಿರ ಬಂದ. "ಶೇವಂತಿ, ಜೋಡಿ ಎಷ್ಟವ್ವಾ?"

"ಹನ್ನೆರಡು, ಮಾವಾರ. ನೀವ ಕಲಿಸಿದ್ದಲ್ರಿ."

ಸನ್ಮತಿ ಬೆರಳು ಮಡಚಿ, "ಹನ್ನೆರಡು ಹೆಚ್ಚು," ಅಂತ ತನ್ನಷ್ಟಕ್ಕೆ ಅಂದ. ಆಮೇಲೆ ದೊಡ್ಡದಾಗಿ, "ಅಜ್ಜಾರ, ನೀವು ಹೇಳಿದ್ದು ಕಣ್ಣಿನ ಲೆಕ್ಕಾರಿ! ನಾ ಎಣಿಸಿದ್ದು ಎಳಿ ಲೆಕ್ಕಾ. ಕಾರ್ಡಿನ ಒಂದು ತೂತು ಎತ್ತೂದು ಒಂದು ಕಣ್ಣು. ಎರಡೂ ಖರೆ!"

ಶಂಕರೆಪ್ಪ ದಡಿಯ ಅಂಚನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಒಂದೊಂದೇ ಜೋಡಿ ಸವರಿದ. ಹನ್ನೆರಡು. ಅವನ್ನು ಬಿಡಿಸಿ ಎರಡಂತ ಎಣಿಸಬೇಕು ಅನ್ನುವುದು ಅರವತ್ತು ವರ್ಷದ ನೇಕಾರಿಕೆಯಲ್ಲಿ ಒಮ್ಮೆಯೂ ತಲೆಗೆ ಬಂದಿರಲಿಲ್ಲ. ಇಲ್ಲಿಯ ಯಾವ ನೇಕಾರನಿಗೂ ಬರುವುದಿಲ್ಲ. ಅದಕ್ಕೇ ಯಾರೂ ಯಾರಿಗೂ ಹೇಳುವುದಿಲ್ಲ. ತೇರದಾಳದ ಸನ್ಮತಿಯ ಮನೆತನ ಅರಿಷಿಣ-ಬೆಲ್ಲದ ವ್ಯಾಪಾರದ್ದು. ಆತ ಕಂಡದ್ದನ್ನು ಕಂಡ ಹಾಗೆ ಎಣಿಸಿದ್ದ.

"ಕೆಚ್ಚಿದ ಜಾಗಾ," ಅಂದ ಶಂಕರೆಪ್ಪ. "ನಾನ ಹೇಳಿದ್ದೆ. ನಾನ ನೋಡಲಿಲ್ಲ."

ಶೇವಂತಿ ಮಗ್ಗದ ಹಲಗೆ ಸರಿಸಿ ಆತನನ್ನು ಕೂಡಿಸಿದಳು, ನೀರು ಕೊಟ್ಟಳು. ಮಾವ ಅತ್ತದ್ದನ್ನು ಕಂಡೂ ಕಾಣದವಳ ಹಾಗೆ ಹರಿದ ಎಳೆಗೆ ಗಂಟು ಹಾಕುತ್ತ ನಿಂತಳು.

ಸನ್ಮತಿ ಆ ಮಧ್ಯಾಹ್ನವೇ ತಿದ್ದಲು ಕೂತ. ಬರೀ ಅಂಕಿ ಬದಲಿಸಿದರೆ ಇಂದಿಗೆ ಸಾಕಾಗುತ್ತಿತ್ತು. ಆತ ಹಾಗೆ ಮಾಡಲಿಲ್ಲ. ಎಳೆ ಲೆಕ್ಕಕ್ಕೆ ಒಂದು ಜಾತಿ, ಕಣ್ಣಿನ ಲೆಕ್ಕಕ್ಕೆ ಒಂದು ಜಾತಿ ಮಾಡಿ ಇಟ್ಟ. "ಇನ್ನ ಮುಂದ ಯಾರರ ಎಳಿ ಲೆಕ್ಕಾ ಒಯ್ದು ಕಣ್ಣಿನ ಜಾಗಾದಾಗ ಇಟ್ರ, ರಸ್ಟ್ ಬಾಗಲದಾಗ ಹಿಡೀತೈತಿ. ವಂದನಾ ಬಂದ್ರೂ ಬಿಡೂದಿಲ್ಲ," ಅಂದ.

"ಹಾಂ, ನಮ್ಮ ಯವ್ವನ ಅತ್ತಿಯಂಗ!" ಅಂದಳು ವಂದನಾ.

ಮಂಗಳವಾರ ನೇಯ್ದ ದಡಿಯಲ್ಲಿ ಕೋಟೆ ನೆಟ್ಟಗೆ ನಿಂತಿತು. ಶೇವಂತಿ ಒಂದು ಗೇಣು ಕತ್ತರಿಸಿ ಮಾವನ ಕೈಗೆ ಕೊಟ್ಟಳು. ಆತ ಅದನ್ನು ಬಿಸಿಲಿಗೆ ಹಿಡಿದ. ಕಂಡಿತೋ ಇಲ್ಲವೋ, ಬೆರಳಿಂದ ತೆನೆ ಎಣಿಸಿ, ಮಡಚಿ ಕಿಸೆಯಲ್ಲಿಟ್ಟುಕೊಂಡ.

ವಂದನಾ ಕೀಲಿ ತಂದಳು. "ತಗೋ ಮುತ್ಯಾ. ನಿನ್ನ ಲೆಕ್ಕಾ ಸರಿ ಇತ್ತು."

ಶಂಕರೆಪ್ಪ ಕೂಡಲೇ ಕೈ ಚಾಚಲಿಲ್ಲ. "ಈ ಸಲ ಸರಿ ಇತ್ತು," ಅಂದ. "ಮುಂದ ಯಾವತ್ತರ ತಪ್ಪಬಹುದು. ಅದರೊಳಗ ಕೇಳಿ ಇಟ್ಟುಕೊ."

"ಏನ ಕೇಳಲಿ?"

"ಅದ ಗೊತ್ತಾಗವಲ್ದು. ನನಗ ಏನು ಗೊತ್ತೈತಿ ಅನ್ನೂದ ನನಗ ಗೊತ್ತಿಲ್ಲ. ಜೋಡಿ ಎಳಿ ಗೊತ್ತಿತ್ತು ಅಂತ ನಿನ್ನೆ ತನಕ ನನಗ ಗೊತ್ತಿದ್ದಿಲ್ಲ. ನೀ ಮಗ್ಗದ ಮುಂದ ನಿಂತು, ಕಂಡದ್ದನ್ನೆಲ್ಲ ಇದ್ಯಾಕ, ಇದ್ಯಾಕ ಅಂತ ಕೇಳು. ಶಾಣ್ಯಾಕಿ ಆಗಬ್ಯಾಡ. ಸನ್ಮತಿಯಂಗ ಹೊರಗಿನಾಕಿ ಆಗಿ ಕೇಳು."

"ಹೂಂ."

ಆಮೇಲೆ ಕೀಲಿ ಇಸಗೊಂಡು ಉಡದಾರಕ್ಕೆ ಕಟ್ಟಿಕೊಂಡ. ಗಂಟನ್ನು ಎರಡು ಸಲ ಎಳೆದು ನೋಡಿದ.

ಆದರೂ ಒಂದು ಮಾತು ಆತನಿಗೆ ಕಡೆಯವರೆಗೂ ತಿಳಿಯಲಿಲ್ಲ. ಹೊರಡುವ ದಿನ ಸನ್ಮತಿ ಕಾಲು ಮುಟ್ಟಿ ನಮಸ್ಕರಿಸಿದಾಗ ಕೇಳಿದ. "ತಮ್ಮಾ, ಅಷ್ಟೊಂದು ಕಟ್ಟುನಿಟ್ಟಿಂದು ನಿನ್ನ ಹಂತ್ಯಾಕ ಇತ್ತಲ್ಲ. ಮತ್ತ ಎಲ್ಲಾ ಅದರಾಗ ಬರದಿದ್ರ ಆಗ್ತಿತ್ತು. ಹೆಬ್ಬಾವು ಯಾಕ ಇಟ್ಟಿ?"

ಸನ್ಮತಿ ಹೆಲ್ಮೆಟ್ ಹಾಕಿಕೊಳ್ಳುತ್ತ ಸ್ವಲ್ಪ ವಿಚಾರ ಮಾಡಿದ. "ವಂದನಾಗ ಅದು ಬರತೈತಿರಿ ಅಜ್ಜಾರ. ನಾ ನಾಳೆ ಇಲ್ಲಿ ಇರಂಗಿಲ್ಲ."

ಶಂಕರೆಪ್ಪ ಹೂಂ ಅಂದ. ಪೂರಾ ತಿಳಿಯಿತು ಅಂತಲ್ಲ, ಅರ್ಧ ತಿಳಿದಂತಾಯಿತು. ಉಳಿದರ್ಧವನ್ನು ವಂದನಾಳಿಗೆ ಕೇಳಿದರಾಯಿತು ಅಂದುಕೊಂಡ. ಶೇವಂತಿ ದಾರಿಗೆ ಅಂತ ರೊಟ್ಟಿ, ಉಳ್ಳಾಗಡ್ಡಿ ಇಲ್ಲದ ಕಡಲೆಹಿಟ್ಟಿನ ಜುಣಕ ಕಟ್ಟಿಕೊಟ್ಟಳು. ಓಣಿಯ ಮಗ್ಗಗಳು ಖಟಖಟಾ ಅನ್ನುತ್ತಿದ್ದವು. ಸನ್ಮತಿ ಹೋದದ್ದು ಬುಧವಾರ, ಸಂಜೆಯ ಊಟದ ಹೊತ್ತಿಗಿಂತ ಮೊದಲು.